ಚಿನ್ನ ಮುಟ್ಟಿಸಿದ ನಾಲಿಗೆ

ಬಳೇಪೇಟೆ, ಬೆಂಗಳೂರು
8-1-1945

ಅಕ್ಕನಿಗೆ ರಾಮಾಂಜಿನಪ್ಪನ ನಮಸ್ಕಾರ.

ದೀಪಾವಳಿಯಿಂದ ಕಾಗದವಿಲ್ಲ ಎಂದು ನೀನು ಬಯ್ಯುವ ಮುಂಚೆ ನನಗೆ ನಾನೇ ಬಯ್ದುಕೊಂಡಿದ್ದೇನೆ. ಆ ಬಾಬತ್ತು ಅಲ್ಲಿಗೆ ಮುಗಿಯಿತು. ಈಗ ವಿಷಯ ಕೇಳು.

ನಮ್ಮ ವಕೀಲರು ಆದಿನಾರಾಯಣಪ್ಪನವರು ಜಿಲ್ಲಾ ಬೋರ್ಡಿಗೆ ನಿಂತಿದ್ದಾರೆ. ಇಷ್ಟು ವರ್ಷ ಅವರ ಆಫೀಸಿನಲ್ಲಿ ದಾವೆಯ ಕಾಗದಗಳನ್ನು ನಕಲು ಮಾಡುತ್ತಿದ್ದ ನಿನ್ನ ತಮ್ಮನೇ ಈಗ ಅವರ ಚುನಾವಣೆಯ ಪೂರಾ ಉಸ್ತುವಾರಿ. ಭಾಷಣ ಬರೆಯುವವನು ನಾನು, ಕರಪತ್ರ ಬರೆಯುವವನು ನಾನು, ಅವರು ಎಲ್ಲಿ ಕೈ ಎತ್ತಬೇಕು ಎಂದು ಅಂಚಿನಲ್ಲಿ ಗೆರೆ ಎಳೆದು ಕೊಡುವವನೂ ನಾನೇ. ಗೆದ್ದರೆ ಬೋರ್ಡಿನ ಆಫೀಸಿನಲ್ಲಿ ಕಾಯಂ ಕೆಲಸ ಎಂದು ಮಾತು ಕೊಟ್ಟಿದ್ದಾರೆ.

ಎದುರಾಳಿ ಯಾರು ಗೊತ್ತಲ್ಲ? ನಮ್ಮೂರಿನ ವೆಂಕಟರಾಯಪ್ಪ. ಹೋದ ವಾರ ದೇವನಹಳ್ಳಿಯಲ್ಲಿ ಆತನ ಸಭೆಗೆ ಹಿಂದೆ ನಿಂತು ಕಿವಿಗೊಟ್ಟೆ. ಆತ ವೇದಿಕೆಯ ಮೇಲೆ ಎದ್ದು ನಿಂತ, ಕೈ ಮುಗಿದ, ನಾಲ್ಕು ಮಾತಾಡಿದ, ಕೂತ. ಬಾಯಿ ಬಿಡಲು ಹೆದರುವ ಮನುಷ್ಯ ಬೋರ್ಡಿಗೆ ಹೋಗಿ ಏನು ಮಾಡುತ್ತಾನೆ? ಆದರೂ ಹಳ್ಳಿಯವರು ಆತನ ಹೆಸರು ಹೇಳುತ್ತಾರೆ. ಓಟಿರುವುದು ಕಂದಾಯ ಕಟ್ಟುವವರಿಗೆ ಮಾತ್ರ, ಕಂದಾಯ ಕಟ್ಟುವವರಲ್ಲಿ ಅರ್ಧ ಜನ ಆತನ ನೆಂಟರು. ಇದೇ ನನಗೆ ತಲೆನೋವು.

ನಾನು ಹತ್ತು ವರ್ಷದವನಿದ್ದಾಗ ಹಾಸ್ಟೆಲ್ಲಿಗೆ ಸೇರಿ ಊರು ಬಿಟ್ಟವನು. ನೀನು ಅಲ್ಲೇ ಹುಟ್ಟಿ ಅಲ್ಲೇ ಸೊಸೆಯಾದವಳು. ಆತ ಹೇಗೆ, ಹಿಂದೆ ಏನು, ಸ್ವಲ್ಪ ಬರೆ. ಹರೆಯದಲ್ಲಿ ಎರಡು ವರ್ಷ ಊರಲ್ಲಿರಲಿಲ್ಲವಂತೆ. ಎಲ್ಲಿದ್ದ? ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಭಾಗ್ಯಳ ಮದುವೆ ವೈಶಾಖಕ್ಕೆ ಖಾಯಂ ಆಯಿತೇ? ಸೋದರಮಾವನ ಸೀರೆ ಯಾವ ಬಣ್ಣದ್ದಿರಬೇಕು ಕೇಳಿ ತಿಳಿಸು. ಭಾವನವರಿಗೆ ನಮಸ್ಕಾರ.

ರಾಮಾಂಜಿ

*

ಚನ್ನರಾಯಪಟ್ಟಣ, ದೇವನಹಳ್ಳಿ ತಾಲ್ಲೂಕು
18-1-1945, ಗುರುವಾರ

ರಾಮಾಂಜಿಗೆ ಅಕ್ಕ ಅಮ್ಮಯಮ್ಮನ ಆಶೀರ್ವಾದ.

ನಿನಗೆ ನೀನೇ ಬಯ್ದುಕೊಂಡರೆ ಅದು ಬೈಗುಳವೇನೋ? ಬಂದಾಗ ನಾನು ಬೇರೆಯಾಗಿ ಬಯ್ಯುತ್ತೇನೆ. ಸಂಕ್ರಾಂತಿಗೂ ಬರಲಿಲ್ಲ. ಎಳ್ಳು ಬೆಲ್ಲ ಒಂದು ಪೊಟ್ಟಣ ಕಟ್ಟಿ ಇಟ್ಟಿದ್ದೆ, ಇರುವೆ ತಿಂದವು.

ಮದುವೆ ಖಾಯಂ. ವೀಳ್ಯಶಾಸ್ತ್ರ ಆಯಿತು. ಗಂಡಿನ ಕಡೆಯವರು ಹೊಸಕೋಟೆ ಸೀಮೆಯವರು. ನಿನಗೆ ಮರೆತಿದ್ದರೆ ನೆನಪು ಮಾಡುತ್ತೇನೆ, ಹುಡುಗ ವೆಂಕಟರಾಯಪ್ಪನವರ ಹೆಂಡತಿಯ ಅಣ್ಣನ ಮಗ. ಸಂಬಂಧ ಕೂಡಿಸಿದವರೂ ವೆಂಕಟರಾಯಪ್ಪನವರೇ. ಆದ್ದರಿಂದ ಅವರನ್ನು ಆತ ಈತ ಎಂದು ನನಗೆ ಬರೆಯಬೇಡ. ನಿನ್ನ ಭಾವ ಈ ಹೋಬಳಿಗೆ ಕುಲದ ಯಜಮಾನರು, ಅವರೇ ಬಹುವಚನದಲ್ಲಿ ಮಾತಾಡಿಸುತ್ತಾರೆ. ಸೀರೆ ಅರಿಶಿನ ಬಣ್ಣದ್ದು ತಾ. ಕೆಂಪಂಚು.

ಹೆದರುವ ಮನುಷ್ಯ ಅಂದೆಯಲ್ಲ, ಅದನ್ನು ಓದಿ ನನಗೆ ಮೈ ಉರಿಯಿತು. ನಿನ್ನ ವಕೀಲರು ಮೇಜಿನ ಮೇಲೆ ಗುದ್ದಿ ಮಾತಾಡಬಹುದು. ಇವರು ಹತ್ತೂರಿನವರ ಎದುರಿಗೆ ಅರಳಿಕಟ್ಟೆಯ ಮೇಲೆ ಕೂತು ನಾಲಿಗೆ ಚಾಚಿ ಕಾದ ಚಿನ್ನ ಮುಟ್ಟಿಸಿಕೊಂಡು, ಎದ್ದು ಎಲ್ಲರಿಗೂ ಕೈ ಮುಗಿದು ಮನೆಗೆ ಹೋದವರು. ಎರಡು ವರ್ಷ ಎಲ್ಲಿದ್ದರು ಎಂದರೆ, ನೆಲಮಂಗಲದಲ್ಲಿ. ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು, ರಸ್ತೆ ಬದಿಯಲ್ಲಿ ಗಾಡಿಯವರಿಗೆ ಮುದ್ದೆ ಹಾಕುವ ಪಾಪಕ್ಕ ಅನ್ನುವವಳ ಮನೆಯಲ್ಲಿ ಉಳಿದುಬಿಟ್ಟರು. ಮೊದಲು ಸಾರಿಗೆ ಸೋತರು, ಆಮೇಲೆ ಅವಳಿಗೆ ಸೋತರು ಅಂತ ಹೆಂಗಸರು ನಗುತ್ತಿದ್ದರು. ಅವಳು ನಮ್ಮ ಕುಲದವಳಲ್ಲ. ಅವರಪ್ಪ ತೀರಿಕೊಂಡಾಗ ಮಣ್ಣು ಮಾಡಲು ಬಂದರು. ಬೇರೆ ಕುಲದ ಕೈಯಲ್ಲಿ ಉಂಡ ನಾಲಿಗೆ ಶುದ್ಧವಾಗಬೇಕು, ಮೊದಲು ಕಟ್ಟೆಗೆ ಬಾ ಅಂದರು ಕುಲದವರು. ಬಂದರು. ನಿನ್ನ ವಕೀಲರು ಬರುತ್ತಿದ್ದರೇ ಕೇಳಿ ನೋಡು.

ಇಷ್ಟು ಬರೆಯಬಾರದಿತ್ತು, ಸಿಟ್ಟಿನಲ್ಲಿ ಬರೆದೆ. ಓದಿ ಒಲೆಗೆ ಹಾಕು.

ಊರಾಚೆ ಕೇರಿಯ ಸಪ್ಪಲಮ್ಮ ನಿನ್ನನ್ನು ವಿಚಾರಿಸಿದಳಂತೆ, "ಮೇಷ್ಟ್ರ ಮಗ ಹೆಂಗವ್ನೆ" ಅಂತ. ಮುದುಕಿಗೆ ಕಣ್ಣು ಪೂರಾ ಹೋಗಿದೆ.

ನಿನ್ನ ಅಕ್ಕ

*

ಬಳೇಪೇಟೆ
27-1-1945

ಅಕ್ಕಾ,

ನಿನಗೆ ಎಷ್ಟು ಸೀರೆ ತಂದುಕೊಟ್ಟರೂ ಸಾಲದು. ನಿನ್ನ ಕಾಗದ ಬಂದ ಮಾರನೆಯ ದಿನವೇ ನೆಲಮಂಗಲಕ್ಕೆ ಹೊರಟೆ. ಪೆಟ್ರೋಲಿಲ್ಲದೆ ಎಲ್ಲ ಬಸ್ಸೂ ಇದ್ದಿಲಿನ ಹೊಗೆಯಲ್ಲಿ ಓಡುವ ಕಾಲ. ದಿಣ್ಣೆ ಬಂದ ಕಡೆಯೆಲ್ಲ ನಾವೇ ಇಳಿದು ತಳ್ಳಿದೆವು. ಟಿಕೇಟು ಕೊಂಡು ಬಸ್ಸನ್ನು ಊರಿಗೆ ಮುಟ್ಟಿಸಿದವರು ನಾವು.

ಪಾಪಕ್ಕ ಇದ್ದಾಳೆ. ಅದೇ ರಸ್ತೆ ಬದಿ, ಅದೇ ಗುಡಿಸಲು. ತಲೆ ನೆರೆತಿದೆ, ಬಾಯಿ ಮಾತ್ರ ಹರಿತ. ನಾನು ಯಾರೆಂದು ಹೇಳಲಿಲ್ಲ. ನಡುಹಗಲು, ಬಸ್ಸು ತಳ್ಳಿ ಹೊಟ್ಟೆ ಹಸಿದಿತ್ತು, ನಾನೂ ಕೂತು ಉಂಡೆ. ಅವರೆ ಕಾಲವಲ್ಲವೇ, ಹಿದಕಿದ ಬೇಳೆ ಸಾರು. ವೆಂಕಟರಾಯಪ್ಪ ಸೋತದ್ದು ತಪ್ಪೇನಲ್ಲ! ಬಿಸಿ ಎಂದರೆ ನನಗೆ ಚಿಕ್ಕಂದಿನಿಂದ ಆಗದು, ನಿನಗೆ ಗೊತ್ತಲ್ಲ, ಮುದ್ದೆ ಮುರಿದು ಆರಿಸಿಕೊಳ್ಳುತ್ತ ಕೂತಿದ್ದಕ್ಕೆ ಆಕೆ ನಕ್ಕಳು. ಆಮೇಲೆ ಮೆಲ್ಲಗೆ ಆತನ ಹೆಸರು ತೆಗೆದೆ.

"ಅಪ್ಪನ್ನ ಮಣ್ಣು ಮಾಡಿ ಬಂದ್ಬಿಡ್ತೀನಿ ಅಂತ ಹೋದ್ರು. ಬರ್ಲಿಲ್ಲ. ನಾಲ್ಗೆ ಸುಟ್ರಂತೆ. ಅಲ್ಲಪ್ಪಾ, ನೀನೂ ಉಂಡ್ಯಲ್ಲ, ನನ್ ಕೈ ಊಟ ಸುಡೋವಷ್ಟು ಕೆಟ್ಟದಾ?" ಅಂದಳು.

ಎರಡನೆಯ ಸಲ ಸಾರು ಬಡಿಸಿಕೊಂಡೆ.

ವಕೀಲರಿಗೆ ಹೇಳಿದೆ. ಕುರ್ಚಿಯಿಂದ ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಕರಪತ್ರ ತಯಾರಾಗುತ್ತಿದೆ. ಕುಲದಿಂದ ಹೊರಗಾಗಿದ್ದವನು ಎಂಬ ಒಂದೇ ಮಾತು ಸಾಕು, ಆತನ ಓಟಿನ ಗಂಟು ಬಿಚ್ಚಿಕೊಳ್ಳುತ್ತದೆ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ, ಹೆದರಬೇಡ.

ಸಪ್ಪಲಮ್ಮ ಯಾರು? ನನಗೆ ನೆನಪಿಲ್ಲ. ಓಟಿದೆಯೇ?

ರಾಮಾಂಜಿ

*

ಚನ್ನರಾಯಪಟ್ಟಣ
31-1-1945

ರಾಮಾ,

ಈ ಕಾಗದ ಮುಟ್ಟಿದ ಕೂಡಲೇ ಆ ಅಚ್ಚಿನ ಕೆಲಸ ನಿಲ್ಲಿಸು.

ನೀನು ಊರಲ್ಲಿ ಬೆಳೆಯಲಿಲ್ಲ, ನಿನಗೆ ತಿಳಿಯದು ಎಂದುಕೊಂಡು ಬಿಡಿಸಿ ಬರೆಯುತ್ತೇನೆ. ಕಟ್ಟೆಯ ಮೇಲೆ ಒಬ್ಬರ ನಾಲಿಗೆಗೆ ಚಿನ್ನ ಮುಟ್ಟಿಸಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಜಗಳದಲ್ಲಿ ಕೂಡ ಅದನ್ನು ಯಾರೂ ಎತ್ತುವಂತಿಲ್ಲ. ಸುಟ್ಟ ಮೇಲೆ ಮಾತಿಲ್ಲ. ಎತ್ತಿದವರಿದ್ದರೆ ತಪ್ಪು ಅವರಿಗೆ ಬರುತ್ತದೆ, ಅವರು ಬಂದು ಕಟ್ಟೆಯ ಮೇಲೆ ಕೂರಬೇಕು. ಕೂರುವ ತನಕ ಆ ಮನೆಯ ಬೆಂಕಿ ನೀರು ಯಾರೂ ಮುಟ್ಟುವುದಿಲ್ಲ, ಆ ಮನೆಯ ಹೆಣ್ಣು ಯಾರೂ ತರುವುದಿಲ್ಲ. ನೀನು ನನ್ನ ಒಡಹುಟ್ಟಿದವನು. ನೀನು ಎತ್ತಿದರೆ ನನ್ನ ಬಾಗಿಲಿಗೆ ಬರುತ್ತದೆ. ಭಾಗ್ಯಳ ಮದುವೆ ನಿಲ್ಲುತ್ತದೆ.

ನಾನು ಸಿಟ್ಟಿಗೆ ನಿನಗೆ ಬರೆದದ್ದೇ ತಪ್ಪು. ಕಾಗದದಲ್ಲಿ ಬರೆಯುವುದು ಮಾತಾಡಿದ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪ ತಮ್ಮ ಕೂಲಿಮಠದ ಹುಡುಗರ ಜತೆ ನನ್ನನ್ನೂ ಕೂರಿಸಿ ಮರಳಿನಲ್ಲಿ ಅಕ್ಷರ ತಿದ್ದಿಸದೆ ಇದ್ದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಮಾತು. ಅವಳ ಮನೆಯಲ್ಲಿ ನೀನೂ ಉಂಡೆ, ಎರಡು ಸಲ ಬಡಿಸಿಕೊಂಡೆ. ಮತ್ತೆ ಯಾವ ಬಾಯಲ್ಲಿ ಬರೆಯುತ್ತೀಯ?

ಬರೆಯಬೇಡ ಕಣೋ. ನಿನಗೇ ಒಳ್ಳೆಯದಲ್ಲ. ಏಕೆ ಎಂದು ಕೇಳಬೇಡ.

ಅಕ್ಕ

*

ಬಳೇಪೇಟೆ
6-2-1945

ಅಕ್ಕನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಏಕೆ ಎಂದು ಕೇಳಬೇಡ ಎಂದಿದ್ದೀಯ. ಕೇಳುವ ಅಗತ್ಯವೇ ಇಲ್ಲ, ಸ್ಪಷ್ಟವಾಗಿದೆ. ಗಂಡು ವೆಂಕಟರಾಯಪ್ಪನ ಕಡೆಯದು. ಆತ ನಿನಗೆ ಹೇಳಿ ಬರೆಸಿರಬಹುದು, ಇಲ್ಲವೇ ನೀನಾಗಿಯೇ ಹೆದರಿರಬಹುದು. ಒಂದು ಮದುವೆಯ ಸಂಬಂಧಕ್ಕಾಗಿ ತಮ್ಮನ ಅನ್ನಕ್ಕೆ ಕಲ್ಲು ಹಾಕುತ್ತೀಯೆಂದು ನಾನು ಎಣಿಸಿರಲಿಲ್ಲ.

ಜಗತ್ತಿನ ಅರ್ಧ ಹೊತ್ತಿ ಉರಿಯುತ್ತಿದೆ. ದಂಡಿನ ಪ್ರದೇಶದಲ್ಲಿ ಎಲ್ಲೆಲ್ಲಿಂದಲೋ ಬಂದ ಸೋಲ್ಜರುಗಳು ತುಂಬಿದ್ದಾರೆ, ಯಾರು ಯಾರ ಕೈಯಲ್ಲಿ ಉಂಡರು ಎಂದು ಕೇಳುವವರಿಲ್ಲ. ನೀವಿನ್ನೂ ನಾಲಿಗೆ ಸುಡುತ್ತ ಕೂತಿದ್ದೀರಿ. ಇಂಥ ಮೂಢತನವನ್ನು ಬಯಲಿಗೆಳೆಯುವುದೂ ಒಂದು ದೇಶಸೇವೆಯೇ ಎಂದು ವಕೀಲರು ಹೇಳುತ್ತಾರೆ. ನಾನು ಪಾಪಕ್ಕನ ಮನೆಯಲ್ಲಿ ಉಂಡದ್ದು ನಿಜ. ನಾನು ಚುನಾವಣೆಗೆ ನಿಂತಿಲ್ಲ.

ಕಾಗದದ ಅಭಾವದಲ್ಲಿ ಪ್ರೆಸ್ಸಿನವರು ಬಾದಾಮಿ ಬಣ್ಣದ ಹೊದಿಕೆ ಕಾಗದದ ಮೇಲೆ ಒತ್ತಿಕೊಟ್ಟಿದ್ದಾರೆ. ಮಾತುಗಳು ಹೀಗಿವೆ:

"ಮತದಾರರೇ, ಎಚ್ಚರ! ಕುಲವೇ ಹೊರಗೆ ಹಾಕಿದವರನ್ನು ನೀವು ಬೋರ್ಡಿನ ಒಳಗೆ ಕಳಿಸುವಿರಾ? ನೆಲಮಂಗಲದ ರಸ್ತೆಯ ಪಕ್ಕದಲ್ಲಿ ಎರಡು ವರ್ಷ ಯಾರ ಒಲೆಯ ಮುಂದೆ ಕೂತು ಯಾರ ಕೈತುತ್ತು ಉಂಡರು? ನಮ್ಮನ್ನು ಕೇಳಬೇಡಿ. ಅವರ ಸುಟ್ಟ ನಾಲಿಗೆಯನ್ನೇ ಕೇಳಿ! ಇಂತಿ, ಒಬ್ಬ ಸತ್ಯಪ್ರಿಯ."

ಆ ನಾಲಿಗೆಯ ಸಾಲು ನನ್ನದೇ. ವಕೀಲರು ಅದನ್ನು ಮೂರು ಸಲ ಓದಿಸಿ ಕೇಳಿದರು. ನಾಳೆಯಿಂದ ಸಂತೆಗಳಲ್ಲಿ ಹಂಚುತ್ತೇವೆ. ಚುನಾವಣೆ ಮುಗಿದ ಮೇಲೆ ಈ ಕಾಗದ ಯಾರಿಗೂ ನೆನಪಿರುವುದಿಲ್ಲ, ಮದುವೆಯೂ ನಡೆಯುತ್ತದೆ, ನೋಡುತ್ತಿರು.

ರಾಮಾಂಜಿನಪ್ಪ

*

ಬಳೇಪೇಟೆ
27-2-1945

ಅಕ್ಕಾ,

ಶಿವರಾತ್ರಿಯೂ ಕಳೆಯಿತು, ನಿನ್ನಿಂದ ಒಂದು ಸಾಲಿಲ್ಲ. ಸಿಟ್ಟೆಂದು ತಿಳಿದಿದೆ. ಆದರೂ ನಡೆದದ್ದು ಬರೆಯುತ್ತೇನೆ, ನಿನಗೆ ಬರೆಯದೆ ನನಗೆ ರೂಢಿಯಿಲ್ಲ.

ಮೊನ್ನೆ ಓಟು ಮುಗಿಯಿತು. ನಾನು ದೇವನಹಳ್ಳಿಯಲ್ಲಿದ್ದೆ. ನಮ್ಮ ಓಟಿನ ಪೆಟ್ಟಿಗೆ ಹಸಿರು, ಅವರದು ಹಳದಿ. ಪೇಟೆಯವರೆಲ್ಲ ಕರಪತ್ರ ಓದಿ ಬಾಯಿ ಚಪ್ಪರಿಸಿಕೊಂಡು ಬಂದಿದ್ದರು. ಒಬ್ಬ ಶೆಟ್ಟರು ಹಳದಿ ಪೆಟ್ಟಿಗೆ ತೋರಿಸಿ, "ಅದ್ರಲ್ಲಿ ಹಾಕಿದ್ರೆ ನಮ್ ಕೈಗೂ ಚಿನ್ನ ಮುಟ್ಟಿಸ್ತಾರಾ?" ಎಂದು ನಗಿಸಿದರು. ಆದರೆ ಹಳ್ಳಿಗಳಿಂದ ಗಾಡಿಯಲ್ಲಿ ಬಂದವರು ಯಾರೂ ಕರಪತ್ರದ ಮಾತೇ ಎತ್ತಲಿಲ್ಲ. ಕೊಟ್ಟರೆ ಮಡಿಸಿ ಕೆಳಗಿಡುತ್ತಿದ್ದರು. ನಮ್ಮೂರಿನ ಕೆಲವರು ನನ್ನನ್ನು ಕಂಡು ಪಕ್ಕಕ್ಕೆ ಸರಿದು ಹೋದರು. ಭಾವನವರು ಬಂದು ಓಟು ಹಾಕಿ ನನ್ನ ಕಡೆ ತಿರುಗದೆ ಗಾಡಿ ಹತ್ತಿದರು.

ಸಂಜೆಯ ಹೊತ್ತಿಗೆ ವೆಂಕಟರಾಯಪ್ಪನೇ ನನ್ನ ಎದುರಿಗೆ ಬಂದ. ಜತೆಗೆ ಆತನ ಅಕ್ಕನ ಮಗ ಸೊಣ್ಣಪ್ಪ, ಕಣ್ಣಲ್ಲೇ ನುಂಗುವ ಹಾಗೆ ನೋಡುತ್ತಿದ್ದ. ಹೊಡೆದಾಟವಾಗಬಹುದೆಂದು ನಮ್ಮ ಹುಡುಗರೆಲ್ಲ ಹತ್ತಿರ ಬಂದರು. ಆತ ನನ್ನ ಭುಜದ ಮೇಲೆ ಕೈಯಿಟ್ಟು, "ಏನಪ್ಪಾ, ಎಷ್ಟು ಎತ್ತರಕ್ಕೆ ಬೆಳೆದ್ಬಿಟ್ಟೆ!" ಅಂದ. ಮತ್ತೇನೂ ಅನ್ನಲಿಲ್ಲ, ಹೋದ.

ವ್ಯಂಗ್ಯವೋ ಬೆದರಿಕೆಯೋ ತಿಳಿಯಲಿಲ್ಲ. ವಕೀಲರು ಎರಡೂ ಎಂದರು. ಆ ಕೈಯ ಭಾರ ಮಾತ್ರ ಇನ್ನೂ ಭುಜದ ಮೇಲೆಯೇ ಇದ್ದ ಹಾಗಿದೆ.

ರಾಮಾಂಜಿ

*

ಬಳೇಪೇಟೆ
8-3-1945

ಅಕ್ಕಾ,

ಗೆದ್ದೆವು. ಹೆಚ್ಚಿನ ಅಂತರವೇನಲ್ಲ. ಹಳ್ಳಿಗಳು ಹಳದಿ ಪೆಟ್ಟಿಗೆ ತುಂಬಿಸಿದವು, ಪೇಟೆಗಳು ನಮ್ಮನ್ನು ದಡ ಸೇರಿಸಿದವು. ಕರಪತ್ರವೇ ಗೆಲ್ಲಿಸಿತೆಂದು ವಕೀಲರು ಎಲ್ಲರೆದುರಿಗೆ ತಮ್ಮ ಕೊರಳಿನ ಹಾರ ತೆಗೆದು ನನಗೆ ಹಾಕಿದರು.

ಅರಿಶಿನ ಬಣ್ಣದ, ಕೆಂಪಂಚಿನ ಸೀರೆ ಅಂಚೆಯಲ್ಲಿ ಕಳಿಸಿದ್ದೆ. ಅದು ಇಂದು ಹಿಂತಿರುಗಿ ಬಂತು. ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದು ಮೇಲೆ ಅಂಚೆಯವರ ಬರಹ. ಹೊಲಿಗೆ ಬಿಚ್ಚಿ ಕೂಡ ನೋಡಿಲ್ಲ.

ಹೂವಿನ ವಾಸನೆ ಕೋಣೆ ತುಂಬ ಇದೆ. ನನಗೆ ಊಟ ಸೇರುತ್ತಿಲ್ಲ. ಏನಾಗಿದೆ ಎಂದು ಒಂದು ಸಾಲು ಬರೆ.

ರಾಮಾಂಜಿ

*

ಚನ್ನರಾಯಪಟ್ಟಣ
16-3-1945, ಶುಕ್ರವಾರ

ರಾಮಾಂಜಿ,

ಸೀರೆ ಬೇಡವೆಂದು ಕಳಿಸಿದವಳು ನಾನಲ್ಲ, ನಿನ್ನ ಭಾವ. ತಪ್ಪು ಇತ್ಯರ್ಥವಾಗುವ ತನಕ ನಿನ್ನ ಕಡೆಯದು ಏನೂ ಮನೆಯೊಳಗೆ ಬರುವಂತಿಲ್ಲ. ನಾನು ಕಾಗದ ಬರೆಯದೆ ಇದ್ದುದು ಮಾತ್ರ ನನ್ನ ಸಿಟ್ಟು. ಈಗ ಸಿಟ್ಟು ಇಳಿದಿದೆಯೋ ಇಲ್ಲವೋ ನನಗೇ ತಿಳಿಯದು, ಆದರೆ ಬರೆಯಲೇಬೇಕಾಗಿದೆ.

ಯುಗಾದಿಯ ಮಾರನೆಯ ದಿನ, ಅಂದರೆ ನಿನ್ನೆ, ಕಟ್ಟೆ ಸೇರಿತು. ನಿನ್ನ ಬಾದಾಮಿ ಕಾಗದವನ್ನು ನಡುವೆ ಇಟ್ಟು ಮೇಲೊಂದು ಕಲ್ಲು ಹೇರಿದ್ದರು. ಯಾರೂ ಅದನ್ನು ಓದಲಿಲ್ಲ. ಯಜಮಾನರ ಜಾಗದಲ್ಲಿ ಕೂತಿದ್ದ ನಿನ್ನ ಭಾವ ಕೇಳಿದರು: "ಈ ಮಾತು ಬೆಂಗ್ಳೂರಿಗೆ ಹೆಂಗೆ ಹೋಯ್ತು? ಹೇಳ್ದೋರು ಯಾರು?" ಸೊಣ್ಣಪ್ಪ ನಾಲ್ಕು ಜನರ ಮೇಲೆ ಅನುಮಾನ ಹೇಳಿದ, ಅದರಲ್ಲಿ ಸಂತೆಗೆಂದು ಬೆಂಗಳೂರಿಗೆ ಹೋಗಿ ಬರುವ ಆ ಪಾಪದ ದೊಡ್ಡಮುನಿಯಪ್ಪನೂ ಒಬ್ಬ. ಆತ ಹೆಗಲ ಟವಲು ತೆಗೆದು ಒಬ್ಬೊಬ್ಬರ ಕಾಲಿಗೂ ಬೀಳತೊಡಗಿದ. ನೋಡಲಾಗಲಿಲ್ಲ ನನಗೆ. ಹೆಂಗಸರ ಸಾಲಿನಿಂದ ಎದ್ದು, "ನಾನು ಬರ್ದೆ" ಅಂದೆ.

ನಿನ್ನ ಭಾವ ತಲೆಯ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ಯಜಮಾನನ ಮನೇಗೇ ಬಂತಾ, ಬರ್ಲಿ. ಬರ್ದೋಳೂ ಕೂತ್ಕೊಳ್ಳಿ, ಅಚ್ಚಾಕ್ಸಿದೋನೂ ಬಂದು ಕೂತ್ಕೊಳ್ಳಿ" ಅಂದರು. ಶ್ರೀರಾಮನವಮಿ ಕಳೆದ ಮೇಲಿನ ಎರಡನೇ ಭಾನುವಾರ, ಏಪ್ರಿಲ್ ಒಂದನೇ ತಾರೀಖು. ಗಂಡಿನ ಕಡೆಯವರು ಕಾಯುತ್ತೇವೆ ಅಂದಿದ್ದಾರೆ. ಅವತ್ತು ನೀನು ಬಾರದಿದ್ದರೆ ವೀಳ್ಯ ಹಿಂದಕ್ಕೆ ಕೊಡುತ್ತಾರೆ. ಭಾಗ್ಯ ರಾಗಿ ಬೀಸುತ್ತ ಇರುತ್ತಾಳೆ, ಬೀಸಿದ್ದನ್ನೇ ಬೀಸುತ್ತಾಳೆ.

ನೀನು ನಗಬಹುದು, ಮೂಢತನ ಅನ್ನಬಹುದು. ಅನ್ನುವ ಮುಂಚೆ ಇದನ್ನು ಓದು. ಹೇಗೂ ಕೂರಬೇಕಾದವಳು ನಾನು, ಇನ್ನೊಂದು ಮಾತಾಡಿದರೆ ಚಿನ್ನವನ್ನೇನೂ ಹೆಚ್ಚು ಕಾಯಿಸುವುದಿಲ್ಲ.

ಅಮ್ಮ ತೀರಿಕೊಂಡ ಆ ಜ್ವರದ ವರ್ಷ ನಿನಗೆ ಮೂರು, ನನಗೆ ಹನ್ನೆರಡು. ಅಪ್ಪನಿಗೆ ಮೈಮೇಲೆ ಎಚ್ಚರವಿಲ್ಲ. ನಿನಗೂ ಜ್ವರ, ನನಗೂ ಜ್ವರ. ಊರಲ್ಲಿ ಯಾರೂ ಯಾರ ಬಾಗಿಲಿಗೂ ಬರುತ್ತಿರಲಿಲ್ಲ, ಅವರವರ ಮನೆಯ ಹೆಣವೇ ಅವರವರಿಗೆ ಸಾಕಾಗಿತ್ತು. ಕೇರಿಯ ಸಪ್ಪಲಮ್ಮ ಹಿತ್ತಲ ಬಾಗಿಲಿನಿಂದ ಬಂದು ನಮ್ಮಿಬ್ಬರನ್ನೂ ಎತ್ತಿಕೊಂಡು ಹೋದಳು. ಅವಳ ಗುಡಿಸಲಲ್ಲಿ ಅವಳ ಮಕ್ಕಳ ಜತೆ ಮಲಗಿದೆವು. ರಾಗಿ ಗಂಜಿ ಕಾಸಿ, ನಿನಗೆ ತನ್ನ ಬೆರಳಿನಲ್ಲಿ ನೆಕ್ಕಿಸಿ ಉಳಿಸಿಕೊಂಡಳು. ಅವಳ ಇಬ್ಬರು ಮಕ್ಕಳಲ್ಲಿ ಒಂದು ಹೋಯಿತು. ನಾವಿಬ್ಬರೂ ಉಳಿದೆವು.

ಜ್ವರದ ಕಾಲ ಮುಗಿದ ಮೇಲೆ ಕಟ್ಟೆ ಸೇರಿತು. ಮಕ್ಕಳಾದರೇನು, ಉಂಡದ್ದು ಉಂಡದ್ದೇ ಅಂದರು. ಅಮ್ಮನ ಮೂಗುಬೊಟ್ಟನ್ನು ಕೆಂಡದಲ್ಲಿ ಕಾಯಿಸಿ ಮೊದಲು ನನಗೆ ಮುಟ್ಟಿಸಿದರು. ನೀನು ನಡೆಯಲಾರದಷ್ಟು ಸೊರಗಿದ್ದೆ. ನಿನ್ನನ್ನು ಹೆಗಲ ಮೇಲೆ ಹೊತ್ತು ಕಟ್ಟೆಗೆ ತಂದವರು ವೆಂಕಟರಾಯಪ್ಪನವರು, ಆಗಿನ್ನೂ ಹರೆಯದವರು. ನೀನು ನಾಲಿಗೆ ಚಾಚಲಿಲ್ಲ. ಬೆಲ್ಲ ಕೊಡುತ್ತೇನೆ ಎಂದು ಹೇಳಿ ನಾನೇ ಚಾಚಿಸಿದೆ. ಅವತ್ತು ನೀನು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಇವತ್ತಿಗೂ ಮುದ್ದೆ ಆರಿಸಿಕೊಂಡು ತಿನ್ನುತ್ತೀಯಲ್ಲ, ಏಕೆ ಎಂದು ಗೊತ್ತಾಯಿತೇ?

ಆಮೇಲೆ ನೀನು ಊರಲ್ಲಿ ಏಳು ವರ್ಷ ಇದ್ದೆ. ಗೋಲಿ ಆಡುತ್ತ ಎಷ್ಟು ಜನರೊಡನೆ ಜಗಳವಾಡಿದೆ, ಎಷ್ಟು ಜನರ ತಲೆ ಒಡೆದೆ. ಯಾರಾದರೂ ಒಬ್ಬ ಹುಡುಗನಾದರೂ, ಅವನ ತಾಯಿಯಾದರೂ ನಿನ್ನನ್ನು ಸುಟ್ಟ ನಾಲಿಗೆಯವನೇ ಎಂದು ಕರೆದರೇ? ನಿನಗೆ ಇದು ಗೊತ್ತಿರಲಿಲ್ಲ ಎನ್ನುವುದೇ ಊರು ಮಾತು ನಡೆಸಿಕೊಂಡಿತು ಎನ್ನುವುದಕ್ಕೆ ಸಾಕ್ಷಿ. ಆ ಮಾತಿನ ನೆರಳಲ್ಲಿ ಬೆಳೆದವನು ನೀನು. ಅಂಥ ನೀನೇ ಅಚ್ಚು ಹಾಕಿಸಿದೆ.

ನಿನ್ನ ಕರಪತ್ರ ಬಂದ ದಿನ ಸೊಣ್ಣಪ್ಪ ವೆಂಕಟರಾಯಪ್ಪನವರ ಜಗಲಿಯ ಮೇಲೆ ಕುಣಿದಾಡಿದನಂತೆ: "ಮಾವ, ಅವ್ನ ನಾಲ್ಗೆ ಕತೆ ನಾವೂ ಅಚ್ಚಾಕ್ಸಾನ. ಯಾರ ಗುಡಿಸ್ಲಲ್ಲಿ ಉಂಡಿದ್ದ ಅಂತ ಊರಿಗೂರೇ ಗೊತ್ತು. ಅವ್ನೂ ಅವ್ನ ವಕೀಲ್ನೂ ಒಂದೇ ಏಟ್ಗೆ ಮಕಾಡೆ ಬೀಳ್ತಾರೆ." ವೆಂಕಟರಾಯಪ್ಪನವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು, "ಲೇ, ಸುಟ್ಟ ಮೇಲೆ ಮಾತಿಲ್ಲ ಕಣೋ. ಆ ಮಗೀನ ಹೊತ್ಕೊಂಡ್ಬಂದೋನು ನಾನೇ" ಅಂದರಂತೆ. ಅವರ ಹೆಂಡತಿ ನನಗೆ ಹೇಳಿ ಅತ್ತರು. ಸೋಲುವುದು ಅವರಿಗೆ ಆಗಲೇ ಗೊತ್ತಿತ್ತು.

ಇದನ್ನೆಲ್ಲ ಹೇಳುವಾಗ ನಾನೇನೋ ದೊಡ್ಡವಳೆಂದು ತಿಳಿಯಬೇಡ. ಪಾಪಕ್ಕ ನಿನ್ನನ್ನು ಕೇಳಿದ್ದನ್ನು ಓದಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ನಾಲಿಗೆ ಸುಟ್ಟ ದಿನದಿಂದ ನಾನು ಸಪ್ಪಲಮ್ಮನ ಮುಖ ನೋಡಿ ಮಾತಾಡಿಲ್ಲ. ಅವಳು ಎದುರಿಗೆ ಬಂದರೆ ಪಕ್ಕದ ಓಣಿಗೆ ತಿರುಗುತ್ತಿದ್ದೆ. ಈಗ ಅವಳಿಗೆ ಕಣ್ಣಿಲ್ಲ, ಆದರೂ ತಿರುಗುತ್ತೇನೆ. ಸುಟ್ಟ ಮೇಲೆ ಮಾತಿಲ್ಲ ಅನ್ನುವುದು ನಮಗೆ ಮರ್ಯಾದೆಯಾಯಿತು. ಅವಳಿಗೆ ಏನಾಯಿತು?

ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಅಮ್ಮಯಮ್ಮ

*

ಬಳೇಪೇಟೆ
24-3-1945

ಅಕ್ಕಯ್ಯಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಂಡೆ. ಏನೂ ಕಾಣುವುದಿಲ್ಲ.

ವಕೀಲರಿಗೆ ಹೇಳಿದೆ. ಊರಿಗೆ ಹೋಗಬೇಕು, ರಜ ಬೇಕು, ಕಾರಣ ಇದು ಎಂದೆ. ಮೊದಲು ನಕ್ಕರು. ಆಮೇಲೆ ಎದ್ದು ಬಾಗಿಲು ಹಾಕಿಕೊಂಡು ಬಂದರು. "ಇದು ಬೇರೆ ಯಾರಿಗೆ ಗೊತ್ತು?" ಎಂದು ಕೇಳಿದರು. ಊರಿಗೆಲ್ಲ ಗೊತ್ತು ಎಂದೆ. "ಮತ್ತೆ ಅವರೇಕೆ ಉಪಯೋಗಿಸಲಿಲ್ಲ?" ಎಂದರು. ಸುಟ್ಟ ಮೇಲೆ ಮಾತಿಲ್ಲ ಎಂದೆ, ಅವರು ಕೈ ಬೀಸಿ ಆ ಮಾತು ತಳ್ಳಿಹಾಕಿದರು. "ನೀನು ಹೋಗಿ ಕಟ್ಟೆಯ ಮೇಲೆ ಕೂತರೆ ಸುದ್ದಿಯಾಗುತ್ತದೆ. ಮುಂದಿನ ಚುನಾವಣೆಗೆ ಅವರ ಕೈಗೆ ಕೋಲು ಕೊಟ್ಟ ಹಾಗೆ. ಹೋಗುವುದಾದರೆ ಬೋರ್ಡಿನ ಕೆಲಸ ಮರೆತುಬಿಡು" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ತಿಂಗಳ ಹಿಂದೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹಾರ ಬಾಡಿತ್ತು, ಬಿಸಾಡಿದೆ. ಕೋಣೆಯ ಬೀಗದ ಕೈಯನ್ನು ಮನೆ ಮಾಲೀಕರಿಗೆ ಕೊಟ್ಟು ಬರುತ್ತೇನೆ. ಬರುವ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಸೀರೆಯೂ ಜತೆಗೆ ಇದೆ. ಕಟ್ಟೆ ಮುಗಿದ ಮೇಲೆ ಕೊಡುತ್ತೇನೆ.

ಒಂದು ಮಾತು, ಭಾವನವರಿಗೆ ಬೇಕಾದರೆ ಹೇಳು, ಬೇಡವಾದರೆ ಬಿಡು. ಭಾನುವಾರ ಕಟ್ಟೆಗೆ ಬರುವ ಮುಂಚೆ ನಾನು ಕೇರಿಗೆ ಹೋಗಿ ಸಪ್ಪಲಮ್ಮನ ಮನೆಯಲ್ಲಿ ಉಂಡು ಬರುತ್ತೇನೆ. ಮೊದಲ ಸಲ ಉಂಡದ್ದು ನನಗೆ ನೆನಪಿಲ್ಲ. ಹೇಗೂ ಸುಡುತ್ತಾರಲ್ಲ, ಈ ಸಲ ಉಂಡದ್ದು ನೆನಪಿರಲಿ.

ವೆಂಕಟರಾಯಪ್ಪನವರ ಮುಖ ಹೇಗೆ ನೋಡಲಿ ಎಂದು ಮಾತ್ರ ತಿಳಿಯುತ್ತಿಲ್ಲ.

ರಾಮಾಂಜಿ

*

ಚನ್ನರಾಯಪಟ್ಟಣ
28-3-1945

ರಾಮಾಂಜಿ,

ಅವರ ಮುಖ ನೀನು ನೋಡಬೇಕಾಗಿಲ್ಲ. ಶನಿವಾರ ಬಸ್ಸಿನ ಹತ್ತಿರಕ್ಕೆ ಗಾಡಿ ತರುತ್ತೇನೆ ಎಂದು ಅವರೇ ಹೇಳಿ ಕಳಿಸಿದ್ದಾರೆ. ಗಾಡಿಯ ಹಿಂದುಗಡೆ ಕೂತುಕೋ, ಬೆನ್ನು ಕಾಣುತ್ತದೆ.

ಅಮ್ಮನ ಮೂಗುಬೊಟ್ಟನ್ನು ಪೆಟ್ಟಿಗೆಯ ತಳದಿಂದ ತೆಗೆದು ಹುಣಿಸೆಹಣ್ಣಿನಲ್ಲಿ ತಿಕ್ಕಿ ಇಟ್ಟಿದ್ದೇನೆ. ನಿನ್ನ ಮಾತನ್ನು ನಿನ್ನ ಭಾವನಿಗೆ ಹೇಳಿದೆ. "ಕಟ್ಟೆಗೆ ಮುಂಚೆ ಏನ್ ಉಂಡ್ರೋ ನಂಗೊತ್ತಿಲ್ಲ, ನಾನು ಕೇಳಾಕಿಲ್ಲ" ಅಂದು ಹೊಲಕ್ಕೆ ಹೋದರು.

ಇವತ್ತು ಬೆಳಿಗ್ಗೆ ನಾನೇ ಕೇರಿಗೆ ಹೋದೆ. ಸಪ್ಪಲಮ್ಮ ಬಾಗಿಲಲ್ಲಿ ಕೂತಿದ್ದಳು. ಏನು ಹೇಳಬೇಕೆಂದು ದಾರಿಯಲ್ಲೆಲ್ಲ ಯೋಚಿಸಿಕೊಂಡು ಹೋಗಿದ್ದೆ. ನನ್ನ ಹೆಜ್ಜೆಯ ಸದ್ದಿಗೇ, "ಮೇಷ್ಟ್ರ ಮಗಳಾ?" ಅಂದಳು. ಪಕ್ಕದ ಓಣಿಗೆ ತಿರುಗುತ್ತಿದ್ದಾಗಲೂ ಅವಳಿಗೆ ಗೊತ್ತಾಗುತ್ತಿತ್ತು ಅಂತ ಆಗ ತಿಳಿಯಿತು. ಅಲ್ಲೇ ಕೂತು ಅತ್ತುಬಿಟ್ಟೆ.

ಭಾನುವಾರ ಬೆಳಿಗ್ಗೆ ಇಬ್ಬರಿಗೂ ಗಂಜಿ ಕಾಸು ಎಂದು ಹೇಳಿದ್ದೇನೆ. ರಾಮಾಂಜಿಗೆ ಬಿಸಿ ಆಗದು, ಸ್ವಲ್ಪ ಆರಿಸಿ ಕೊಡು ಎಂದೆ.

"ಅದ್ನ ನೀ ಹೇಳ್ಬೇಕಾ? ಆವಾಗ್ಲೂ ನಾನು ಆರ್ಸೇ ಅಲ್ವ ಕುಡಿಸ್ತಿದ್ದಿದ್ದು" ಅಂದಳು.

ನಿನ್ನ ಅಕ್ಕ